ಚಿಕ್ಕ ಫಾದರ್ ಬಾಯಿ ಬಿಡಲಿಲ್ಲ

ಇದನ್ನು ಪೂರ್ತಿ ಕೇಳಿ, ಅರ್ಧಕ್ಕೆ ಎದ್ದು ಹೋಗಬೇಡಿ. ಅರ್ಧ ಕೇಳಿದವರೆಲ್ಲ ಚಿಕ್ಕ ಫಾದರನ್ನು ಬೈದುಕೊಂಡೇ ಹೋಗುತ್ತಾರೆ.

ಚಿಕ್ಕ ಫಾದರ್ ಎಂದರೆ ಗುರುದೀಕ್ಷೆಯಾಗಿ ಇನ್ನೂ ವರ್ಷ ತುಂಬದವರು, ತಮ್ಮ ನಿಲುವಂಗಿಯನ್ನು ತಾವೇ ತುಳಿದು ಮುಗ್ಗರಿಸುವವರು. ಶುಕ್ರವಾರ ಬೆಳಗಿನ ಪೂಜೆ ಮುಗಿಸಿ ಅವರು ಪಾಪನಿವೇದನೆಯ ಪೀಠದಲ್ಲಿ, ಜನ ತಮ್ಮ ಪಾಪ ಹೇಳಿಕೊಳ್ಳುವುದನ್ನು ಕೇಳಲು ಕೂತಿದ್ದರು. ಜಾಲರಿಯ ಆಚೆ ಯಾರೋ ಮಂಡಿಯೂರಿ ಕೆಮ್ಮಿದರು. ಕೆಮ್ಮಿನಲ್ಲೇ ಗೊತ್ತಾಯಿತು, ಹಾರ್ನಪ್ಪ. ಚರ್ಚಿನ ಬಸ್ಸಿನ ಡ್ರೈವರ್. ಖಾಲಿ ರಸ್ತೆಯಲ್ಲೂ ಹಾರ್ನ್ ಒತ್ತುತ್ತಲೇ ಹೋಗುತ್ತಾನೆಂದು ಮಕ್ಕಳು ಇಟ್ಟ ಹೆಸರು ಅದು.

“ಸುಳ್ಳು ಹೇಳಿದೀನಿ ಫಾದರ್. ಕಣ್ಣಿನ ಪರೀಕ್ಷೇಲಿ ಗೋಡೆ ಮೇಲಿನ ಅಕ್ಷರಗಳನ್ನ ಬಾಯಿಪಾಠ ಮಾಡ್ಕೊಂಡು ಒಪ್ಪಿಸ್ಬಿಟ್ಟೆ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಲ್ಲಿ ಅಲ್ಲಲ್ಲಿ ಮಂಜು ಮಂಜು.”

ಚಿಕ್ಕ ಫಾದರ್ ಜಾಲರಿಯತ್ತ ಬಾಗಿದರು. “ಹಾಗಾದ್ರೆ ನಾಳೆ ಬಸ್ ಮುಟ್ಟಬೇಡಿ.”

“ನಾಳೆ ಒಂದೇ ದಿನ ಫಾದರ್. ಹಾಡೋ ಮಕ್ಕಳನ್ನ ಬೆಟ್ಟದ ಚರ್ಚಿಗೆ ಕರ್ಕೊಂಡು ಹೋಗಿ ಬಂದು ಕೀ ಒಪ್ಪಿಸ್ಬಿಡ್ತೀನಿ. ಎಲ್ಲರ ಎದುರಿಗೆ ಕುರುಡ ಅನ್ನಿಸ್ಕೊಂಡು ಇಳಿಯೋದು ನನ್ನಿಂದಾಗಲ್ಲ.”

“ಓಡಿಸಲ್ಲ ಅಂತ ಮಾತು ಕೊಡಿ. ಪಾಪಕ್ಷಮೆ ಆಮೇಲೆ.”

ಆಚೆ ಮಂಡಿಚಿಪ್ಪು ಲಟಕ್ಕೆಂದಿತು. ಹಾರ್ನಪ್ಪ ಮಾತು ಕೊಡದೆ ಎದ್ದು ಹೋಗಿದ್ದ.

ಈಗ ನೋಡಿ ಫಜೀತಿ. ಕ್ಷಮೆ ಕೊಡಲಿ ಬಿಡಲಿ, ಆ ಪೀಠದಲ್ಲಿ ಕೇಳಿದ್ದನ್ನು ಗುರು ಯಾರಿಗೂ ಹೇಳುವಂತಿಲ್ಲ. ಸನ್ನೆ ಮಾಡುವಂತಿಲ್ಲ, ಮುಖದಲ್ಲೂ ತೋರಿಸುವಂತಿಲ್ಲ, ಹೇಳಿದವನ ವಿರುದ್ಧ ಅದನ್ನು ಬಳಸುವಂತೆಯೂ ಇಲ್ಲ. ಹೊರಗೆ ಸಿಕ್ಕರೆ, ಹೇಳಿದವನೇ ಮಾತು ತೆಗೆಯುವ ತನಕ ಅವನ ಹತ್ತಿರವೂ ಎತ್ತುವಂತಿಲ್ಲ.

ಫಾದರ್ ಆಗಲು ಓದುವ ಗುರುಮಠದಲ್ಲಿ ಇದನ್ನು ಅರೆದು ಕುಡಿಸಿದ್ದರು. ಒಬ್ಬ ಮುದಿ ಅಧ್ಯಾಪಕರು ಅಭ್ಯಾಸಕ್ಕೆಂದು ತಾವೇ ಪಾಪಿಯಾಗಿ ಬಂದು ಮಂಡಿಯೂರುತ್ತಿದ್ದರು. ಕೊಲೆಯನ್ನೋ ಕಳ್ಳತನವನ್ನೋ ಕಟ್ಟಿ ಹೇಳಿ, ಮಧ್ಯಾಹ್ನ ಊಟದಲ್ಲಿ ಅದೇ ಹುಡುಗನ ಪಕ್ಕ ಕೂತು, “ಸಾರು ನಾನೇ ಬಡಿಸ್ಲೇನಪ್ಪ, ಕೊಲೆಗಾರನ ಕೈಯಿಂದ ನಡೆಯುತ್ತೋ?” ಎನ್ನುತ್ತಿದ್ದರು. ತುಟಿ ಅಲುಗಿದರೆ ಆ ಹುಡುಗ ಫೇಲು. ಚಿಕ್ಕ ಫಾದರ್ ಎರಡು ಸಲ ಫೇಲಾಗಿ, ಆಮೇಲೆ ಕಲ್ಲಿನಂತೆ ಕೂರುವುದನ್ನು ಕಲಿತಿದ್ದರು. ಎಷ್ಟು ಚೆನ್ನಾಗಿ ಎಂದರೆ, ಕೊನೆಯ ವರ್ಷ ಅಧ್ಯಾಪಕರು ಅವರನ್ನೇ ಎಲ್ಲರಿಗೂ ಮಾದರಿ ಎಂದು ತೋರಿಸಿದ್ದರು.

ಆದರೂ ಅಂದು ಭಯ ತಡೆಯಲಾರದೆ ಚಿಕ್ಕ ಫಾದರ್, ಚರ್ಚಿನ ಹಿರಿಯ ಗುರುಗಳಾದ ದೊಡ್ಡ ಫಾದರ್ ಅವರ ಕೋಣೆಗೆ ಹೋದರು.

“ಫಾದರ್, ಒಂದು ವೇಳೆ ಒಬ್ಬ ಮನುಷ್ಯ...”

ಮುದುಕರು ಕನ್ನಡಕ ತೆಗೆದು ಅಂಗೈ ಅಡ್ಡ ಹಿಡಿದರು. “ನಿಲ್ಲಿಸು ಮರಿ. ಬೆಳಿಗ್ಗೆ ನಿನ್ನ ಹತ್ತಿರ ಯಾರ್ಯಾರು ಬಂದ್ರು ಅಂತ ಈ ಕಿಟಕಿಯಿಂದ ನೋಡಿದೀನಿ. ಇನ್ನೊಂದು ಮಾತು ಆಡಿದ್ರೆ ಅದು ಯಾರು ಅಂತ ನನಗೂ ತಿಳಿದುಹೋಗುತ್ತೆ. ಹೋಗು, ಪ್ರಾರ್ಥನೆ ಮಾಡು.”

ಮಾಡಿದರು. ನಾಲಿಗೆ ಜಪ ಮಾಡುತ್ತಿತ್ತು, ತಲೆ ಬೆಟ್ಟದ ತಿರುವುಗಳನ್ನು ಎಣಿಸುತ್ತಿತ್ತು. ಆ ಮಕ್ಕಳಲ್ಲಿ ಅವರ ಅಕ್ಕನ ಮಗಳೂ ಇದ್ದಳು. ಏನಾದರೂ ನೆಪ ಹೇಳಿ ಪ್ರವಾಸ ತಪ್ಪಿಸಲೇ? ಹಾರ್ನಪ್ಪನಿಗೆ ತಕ್ಷಣ ಅರ್ಥವಾಗುತ್ತದೆ, ತಾನು ಒಳಗೆ ಹೇಳಿದ್ದೇ ಹೊರಗೆ ತನ್ನ ಮೇಲೆ ಬಿತ್ತು ಎಂದು. ಬರೀ ಅಕ್ಕನ ಮಗಳನ್ನು ಇಳಿಸಿಕೊಳ್ಳಲೇ? ಉಳಿದ ಮಕ್ಕಳೇನು, ಯಾರ ಮನೆಯವರೂ ಅಲ್ಲವೇ? ಕೊನೆಗೆ ಒಂದೇ ದಾರಿ ಕಂಡಿತು. ತಾವೂ ಅದೇ ಬಸ್ಸಿನಲ್ಲಿ ಹೋಗುವುದು. ಸತ್ತರೆ ಜೊತೆಗೆ.

ಶನಿವಾರ ಅಂಗಳದಲ್ಲಿ ಮಕ್ಕಳ ಗದ್ದಲ. ಹಾಡು ಕಲಿಸುವ ಸಿಸ್ಟರ್ ಎಲ್ಲರನ್ನೂ ಹತ್ತಿಸುತ್ತಿದ್ದರು. ಅಕ್ಕ ಮಗಳ ಜಡೆ ಬಿಗಿಯುತ್ತಾ, “ಏನೋ... ಅಯ್ಯೋ, ಏನು ಫಾದರ್ರೇ! ಮುಖ ಯಾಕೆ ಹೀಗೆ ಬಿಳುಚಿದೆ? ಇನ್ನೂ ಬಸ್ಸಲ್ಲಿ ವಾಂತಿ ಮಾಡ್ತೀಯಾ ಚಿಕ್ಕವನಿದ್ದ ಹಾಗೆ?” ಎಂದಳು.

“ಸುಮ್ನಿರೆ ಅಕ್ಕ.”

“ನೀನೂ ಹೊರಟಿದೀಯಲ್ಲ, ಇನ್ನು ನಂಗೆ ಧೈರ್ಯ. ಪುಟ್ಟಿ, ಮಾಮನ ಹಿಂದಿನ ಸೀಟಲ್ಲೇ ಕೂತ್ಕೋ.”

ಚಿಕ್ಕ ಫಾದರ್ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತರು. ಹಾರ್ನಪ್ಪ ಸ್ಟೇರಿಂಗ್ ಒರೆಸುತ್ತಾ, ತಿರುಗದೆ ಕೇಳಿದ. “ಏನ್ ಫಾದರ್, ನೀವೂ ಬರ್ತೀರಾ?”

“ಹಾಡು ಕೇಳೋಣ ಅಂತ.”

ಮುಖ ಕಲ್ಲು. ಧ್ವನಿಯೂ ಕಲ್ಲು.

ಬಸ್ಸು ಹೊರಟಿತು. ಎದುರಿಗೆ ಚರ್ಚಿನ ಗೇಟು. ಒಂದು ಬಾಗಿಲು ತೆರೆದಿತ್ತು. ಇನ್ನೊಂದರ ಬುಡದ ಚಿಲಕ ನೆಲದಲ್ಲಿ ಕಚ್ಚಿಕೊಂಡಿತ್ತು, ಕಾವಲಿನ ತಾತ ದಾರಿಯ ಮಧ್ಯೆಯೇ ಕುಕ್ಕರಗಾಲಲ್ಲಿ ಕೂತು ಅದನ್ನು ಎಳೆಯುತ್ತಿದ್ದರು. ಬೆನ್ನು ಬಸ್ಸಿನ ಕಡೆಗೆ. ಹಾರ್ನಪ್ಪ ಹಾರ್ನ್ ಒತ್ತಿದ. ತಾತನಿಗೆ ಆ ಹಾರ್ನ್ ದಿನದ ಮಾತು, ತಲೆ ಎತ್ತಲಿಲ್ಲ. ಬಸ್ಸು ನಿಧಾನವಾಗಲಿಲ್ಲ.

ಚಿಕ್ಕ ಫಾದರ್ ನೋಡಿದರು. ತಾತನ ಬಿಳಿ ತಲೆ, ಬೆವರಿದ ಅಂಗಿ ಎಲ್ಲ ಸ್ಪಷ್ಟವಾಗಿ ಕಂಡಿತು. ಬಾಯಿ ತೆರೆದರು. ಆ ಕ್ಷಣಕ್ಕೆ ತಲೆಯೊಳಗೆ ಬಂದದ್ದು ಒಂದೇ ಯೋಚನೆ, ‘ಕೂಗಿದರೆ ಇವನಿಗೆ ಕಣ್ಣು ಕಾಣದೆಂದು ನಾನೇ ಸಾರಿದ ಹಾಗಲ್ಲವೇ?’ ಆ ಸೀಟಿನಲ್ಲಿ ಯಾರೇ ಕೂತಿದ್ದರೂ ಕೂಗುತ್ತಿದ್ದರು, ಏನೂ ಗೊತ್ತಿಲ್ಲದವರೇ ಮೊದಲು ಕೂಗುತ್ತಿದ್ದರು. ಎಲ್ಲ ಗೊತ್ತಿದ್ದ ಅವರ ಬಾಯಿಂದ ಸ್ವರ ಹೊರಡಲಿಲ್ಲ.

“ತಾತಾ! ತಾತ ಇದಾರೆ ಅಲ್ಲಿ!” ಹಿಂದಿನಿಂದ ಪುಟ್ಟಿ ಕಿರುಚಿದಳು.

ಬ್ರೇಕು ಕಿರ್ರೆಂದಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಬಂಪರ್ ತಾತನ ಬೆನ್ನಿಗೆ ಮುಟ್ಟಿ ನಿಂತಿತ್ತು. ತಾತ ಹಾಗೇ ಮುಗ್ಗರಿಸಿ ನೆಲಕ್ಕೆ ಕೈಯೂರಿ, ಎದ್ದು, “ಏನಯ್ಯಾ, ಕಣ್ಣು ಎಲ್ಲಿಟ್ಟಿದ್ದೆ?” ಎಂದು ಗದರಿದರು.

ಹಾರ್ನಪ್ಪ ಇಂಜಿನ್ ಆರಿಸಿದ. ಇಳಿದು ಹೋಗಿ ಸಿಸ್ಟರ್ ಕೈಗೆ ಕೀ ಕೊಟ್ಟ. “ನಂಗೆ ಕಣ್ಣು ಕಾಣಲ್ಲ ಸಿಸ್ಟರ್. ಬಹಳ ದಿನ ಆಯ್ತು.” ಎಲ್ಲರ ಎದುರಿಗೇ ಹೇಳಿದ.

ಅಕ್ಕ ಓಡಿ ಬಂದು ಮಗಳನ್ನು ತಬ್ಬಿಕೊಂಡು, ತಮ್ಮನ ಕಡೆ ತಿರುಗಿದಳು. “ಮುಂದೆ ಕೂತಿದ್ದವನು ನೀನು. ನಿನ್ನ ಕಣ್ಣು ನೆಟ್ಟಗಿದೆ ತಾನೇ? ನೋಡ್ತಾನೇ ಇದ್ದೆಯಲ್ಲೋ! ಕೂಗೋಕೇನು ಬಾಯಿಗೆ ಬೀಗ ಜಡಿದಿತ್ತಾ?”

ತಾತ ನೋಡಿದರು. ಸಿಸ್ಟರ್ ನೋಡಿದರು. ಹಾರ್ನಪ್ಪ ಮಾತ್ರ ತಲೆ ತಗ್ಗಿಸಿದ. ಫಾದರ್ ಯಾಕೆ ಕೂಗಲಿಲ್ಲವೆಂದು ಅವನಿಗೊಬ್ಬನಿಗೇ ಗೊತ್ತಿತ್ತು. ಫಾದರ್‌ಗೆ ಮೊದಲೇ ಹೇಳಿದ್ದೆ ಎಂದು ಅವನು ಬಾಯಿ ಬಿಡಲಿಲ್ಲ. ಅವನು ಬಿಡುವ ತನಕ ಇವರೂ ಬಿಡುವಂತಿಲ್ಲ. ಚಿಕ್ಕ ಫಾದರ್ ಅಕ್ಕನ ಮುಖವನ್ನೇ ನೋಡುತ್ತಾ ನಿಂತರು. ಮುಖ ಈಗಲೂ ಕಲ್ಲಿನ ಹಾಗೇ ಇತ್ತು.

ಹೇಳಿ, ಆ ಸೀಟಿನಲ್ಲಿ ಕೂತವರು ನೀವಾಗಿದ್ದಿದ್ದರೆ, ಅಷ್ಟೆಲ್ಲ ತಿಳಿದೂ, ಏನು ಮಾಡುತ್ತಿದ್ದಿರಿ?