ಕಾಯಿಸಿದ ತಮಟೆ

ಅರಸೀಕೆರೆಯ ಸ್ಟೇಷನ್ ರಸ್ತೆಯ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುವ ಆಶಾರಾಣಿಗೆ ಸಂಗೀತ ಬರುತ್ತದೆ ಎಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ಅವಳು ಹಾಡಿದ್ದನ್ನು ಯಾರೂ ಕೇಳಿಲ್ಲ, ಹಾರ್ಮೋನಿಯಂ ಮುಟ್ಟಿದವಳಲ್ಲ. ಅವಳು ಸಂಗೀತವನ್ನು ಟೈಪ್ ಮಾಡುತ್ತಿದ್ದಳು. ಇದನ್ನು ಹೇಳಿದರೆ ಜನ ಒಂದು ಗಳಿಗೆ ಅವಳ ಮುಖ ನೋಡಿ, ಪಾಪ, ಮದುವೆ ವಯಸ್ಸು ಮೀರುತ್ತಿದೆ ಎಂದುಕೊಳ್ಳುತ್ತಿದ್ದರು.

ಟ್ರ್ಯಾಕರ್ ಎಂಬ ಆ ಸಾಫ್ಟ್‌ವೇರು ಅವಳಿಗೆ ಸಿಕ್ಕಿದ್ದು ಯಾವುದೋ ಪತ್ರಿಕೆಯ ಜೊತೆ ಬಿಟ್ಟಿ ಬಂದ ಸಿಡಿಯಲ್ಲಿ. ಪರದೆಯ ತುಂಬ ಉದ್ದುದ್ದ ಕಂಬಸಾಲು. ಯಾವ ಗಳಿಗೆಗೆ ಯಾವ ಸದ್ದು, ಯಾವ ಸ್ವರದಲ್ಲಿ ಎಂದು ಮೇಲಿಂದ ಕೆಳಕ್ಕೆ ಬರೆಯುತ್ತಾ ಹೋಗಬೇಕು. ಸದ್ದುಗಳೆಲ್ಲ ಸಣ್ಣ ತುಣುಕುಗಳಾಗಿ ಅದೇ ಫೈಲಿನ ಹೊಟ್ಟೆಯಲ್ಲಿರುತ್ತವೆ. ಇನ್ನೊಬ್ಬರು ಆ ಫೈಲು ತೆರೆದರೆ ಹಾಡು ಕೇಳುವುದಷ್ಟೇ ಅಲ್ಲ, ಅದರ ಒಳಹೊಲಿಗೆಯೆಲ್ಲ ಕಾಣುತ್ತದೆ. ಮುಚ್ಚುಮರೆಯಿಲ್ಲದ ಈ ಗುಣವೇ ಆಶಾಳಿಗೆ ಅದರಲ್ಲಿ ಬಹಳ ಇಷ್ಟವಾದದ್ದು.

ಇಂಥದೇ ಹುಚ್ಚು ಹಿಡಿದ ದೇಶದೇಶದ ಒಂದಷ್ಟು ಜನ ಇಂಟರ್ನೆಟ್ಟಿನಲ್ಲಿ ಗುಂಪು ಕಟ್ಟಿಕೊಂಡಿದ್ದರು. ಸೇರಬೇಕೆನ್ನುವವರು ಒಂದು ಹಾಡು ಕಳಿಸಬೇಕು, ಎಲ್ಲರೂ ಕೇಳಿ ಕೈ ಎತ್ತಬೇಕು. ಆಶಾ ತನ್ನ ಊರು ಹಳೇಬೀಡಿಗೆ ಹತ್ತಿರ ಎಂದು ಬರೆದು ಒಂದು ಹಾಡು ಕಳಿಸಿದಳು. ಅವರಿಗೆ ಹಳೇಬೀಡೂ ಗೊತ್ತಿರಲಿಲ್ಲ, ಆ ಮಾತು ಬೇರೆ. ಗುಂಪಿನ ಯಜಮಾನ, ಫಿನ್ಲೆಂಡಿನ ಮಾರ್ಕು ಎಂಬಾತ ಉತ್ತರ ಬರೆದ: ಹಾಡು ಚೆನ್ನಾಗಿದೆ, ಆದರೆ ಇದರ ಡ್ರಮ್ಮು ಸಿಡಿಯಲ್ಲಿ ಬಂದದ್ದು, ನಮಗೆಲ್ಲ ಹಳೇ ಪರಿಚಯ. ನಮ್ಮಲ್ಲಿ ಸೇರುವವರು ಸ್ವಂತ ಸದ್ದು ತರಬೇಕು. ನಿಮ್ಮ ಊರಿನಲ್ಲಿ ಏನೇನು ಸದ್ದಾಗುತ್ತದೆ?

ಆ ಪ್ರಶ್ನೆ ಅವಳನ್ನು ನಿದ್ದೆ ಮಾಡಲು ಬಿಡಲಿಲ್ಲ. ಟೇಪ್ ರೆಕಾರ್ಡರ್ ಹಿಡಿದು ಹೊರಟಳು. ಒಣಗಿದ ಗಿಟಕುಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಲೊಟಲೊಟ ಎನ್ನುತ್ತದಲ್ಲ, ಅದು ಸಿಕ್ಕಿತು. ಗೂಡ್ಸ್ ಬಂಡಿಯ ಕೊಂಡಿ ಬೀಳುವ ಸದ್ದು ಸಿಕ್ಕಿತು. ಸಿಗದಿದ್ದದ್ದು ಡ್ರಮ್ಮು.

ಸಿಗದೆ ಏನು? ಮನೆಯ ಗೋಡೆಯ ಮೇಲೇ ಇತ್ತು. ಬುದ್ಧನ ಪಟದ ಪಕ್ಕ, ಮೊಳೆಗೆ ನೇತುಹಾಕಿದ ತಾತ ಹುಚ್ಚಣ್ಣನ ತಮಟೆ. ಗಂಡಸಿ ಕಡೆಯ ಹಳ್ಳಿಯಲ್ಲಿ ಅರ್ಧ ಆಯುಷ್ಯ ಬಾರಿಸಿದ ತಮಟೆ ಅದು. ಮಗ ಭೀಮರಾಜ್ ಓದಿ, ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತನಾಗಿ, ಕ್ವಾರ್ಟರ್ಸ್ ಸಿಕ್ಕಿದ ವಾರವೇ ಹೋಗಿ ಅಪ್ಪನನ್ನು ಕರೆತಂದಿದ್ದ. "ಇನ್ಮೇಲೆ ಇದನ್ನ ಬಾರಿಸ್ಬೇಡ" ಎಂದು ಒಂದೇ ಮಾತು ಹೇಳಿದ್ದ. ಬಿಸಾಡಲೂ ಇಲ್ಲ, ಬಾರಿಸಲೂ ಬಿಡಲಿಲ್ಲ. ಯಾಕೆ ಎಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಗೆರೆ ಮುರಿಯದಂತೆ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಆಫೀಸಿಗೆ ಹೋಗುವ ಮನುಷ್ಯನನ್ನು ಕೇಳಲು ಧೈರ್ಯವೂ ಬರುತ್ತಿರಲಿಲ್ಲ.

"ತಾತ, ಒಂದೇ ಸಲ" ಎಂದಳು ಆಶಾ, ಅಪ್ಪ ಡ್ಯೂಟಿಗೂ ಟೀಚರಾಗಿದ್ದ ಅಮ್ಮ ಶಾಲೆಗೂ ಹೋದ ಮೇಲೆ.

ಹುಚ್ಚಣ್ಣ ಬೇಡವೆನ್ನಲಿಲ್ಲ. ಬೇಡವೆನ್ನುವಷ್ಟು ಶಕ್ತಿ ಆ ಕೈಗಳಿಗೆಲ್ಲಿತ್ತು? ತಮಟೆ ಇಳಿಸಿ ಬೆರಳಿನಿಂದ ಮೀಟಿದ. ಹಸಿ ರಟ್ಟು ತಟ್ಟಿದ ಹಾಗೆ ಡಬ್ ಎಂದಿತು.

"ಮದ್ಲು ಗರಿ ತಗಂಬಾ. ಚರ್ಮ ಅನ್ನಾದು ಮುದುಕ್ರ ಮೈ ಇದ್ದಂಗೆ ಕಣವ್ವ, ಕಾಯಿಸ್ದೆ ಮಾತಾಡಾಕಿಲ್ಲ."

ಹಿತ್ತಲಿನಲ್ಲಿ ತೆಂಗಿನ ಗರಿ ಉರಿಸಿದರು. ತಾತ ತಮಟೆಯನ್ನು ಉರಿಯ ಮುಂದೆ ತಿರುಗಿಸಿ ತಿರುಗಿಸಿ ಕಾಯಿಸಿದ. ಆಮೇಲೆ ಹೊಡೆದ ಮೊದಲ ಏಟಿಗೆ ಆಶಾಳ ಎದೆ ಝಲ್ಲೆಂದಿತು. ಇಷ್ಟು ವರ್ಷ ಇದು ನಮ್ಮ ಗೋಡೆಯ ಮೇಲೆ ಸುಮ್ಮನೆ ಇತ್ತಲ್ಲ ಎಂದು ಹೊಟ್ಟೆ ಉರಿಯಿತು. ಟೇಪು ತಿರುಗುತ್ತಿತ್ತು. ತಾತನ ಬೆನ್ನು ನೆಟ್ಟಗಾಗಿತ್ತು.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೆ? ಕ್ವಾರ್ಟರ್ಸಿಗೂ ಪಾರ್ಸಲ್ ಆಫೀಸಿಗೂ ಎಷ್ಟು ದೂರ ಮಹಾ. ಭೀಮರಾಜ್ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಬೈಯಲಿಲ್ಲ. ಮೆಲ್ಲಗೆ ಕೇಳಿದ.

"ಯಾರ ಮನೆ ಬಾಗ್ಲಿಗೆ ಬಾರಿಸ್ತಿದೀಯಪ್ಪಾ?"

ಹುಚ್ಚಣ್ಣನ ಕೈ ನಿಂತಿತು. ಆಶಾ ತಡಬಡಿಸಿ ಟೇಪು ಆರಿಸಿದಳು. ತಮಟೆ ಮತ್ತೆ ಮೊಳೆಗೆ ಹೋಯಿತು. ಭೀಮರಾಜ್ ಅವತ್ತು ಊಟ ಮಾಡದೆ ಆಫೀಸಿಗೆ ವಾಪಸಾದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಆಶಾ ಬಿಡಲಿಲ್ಲ. ಟೇಪಿನ ಸದ್ದನ್ನು ಕಂಪ್ಯೂಟರಿಗೆ ಏರಿಸಿದಳು. ತುಣುಕಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ನುಡಿಯಬೇಕೆಂದು ಗುರುತು ಹಾಕಿದರೆ ಟ್ರ್ಯಾಕರ್ ಅಷ್ಟನ್ನೇ ನುಡಿಸುತ್ತದೆ. ಅಪ್ಪನ ದನಿಗಿಂತ ಮುಂಚೆ ಗುರುತು ಹಾಕಿದಳು. ಮಿಕ್ಕಿದ್ದನ್ನು ಕತ್ತರಿಸುವುದು ಮರೆತಳು. ಅವಸರದಲ್ಲಿ ಹಾಡು ಕಟ್ಟಿ, ಕಳಿಸಿಯೂ ಬಿಟ್ಟಳು. ಅಪ್ಪನ ಮಾತು ಫೈಲಿನ ಒಳಗೇ ಬಾಯಿ ಮುಚ್ಚಿಕೊಂಡು ಹೋಯಿತು.

ಒಳಹೊಲಿಗೆ ನೋಡುವ ಜನ, ಬಿಡುತ್ತಾರೆಯೇ? ಮಾರ್ಕು ಬರೆದ: ಇಂಥ ಡ್ರಮ್ಮು ನಾವ್ಯಾರೂ ಕೇಳಿಲ್ಲ, ಎಲ್ಲರೂ ಕೈ ಎತ್ತಲು ಸಿದ್ಧ. ಆದರೆ ತುಣುಕಿನ ಕೊನೆಯಲ್ಲಿ ಒಬ್ಬ ಗಂಡಸು ಏನೋ ಹೇಳುತ್ತಾನೆ. ಬಾರಿಸಿದವರು ಯಾರು, ಮಾತಾಡಿದವರು ಯಾರು? ಇಬ್ಬರ ಹೆಸರೂ ಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಕೇಳದೆ ತೆಗೆದುಕೊಂಡ ಸದ್ದನ್ನು ನಾವು ಇಟ್ಟುಕೊಳ್ಳುವುದಿಲ್ಲ.

ಆಶಾಳ ಮುಖ ಬಿಸಿಯಾಯಿತು. ಕೊನೆಯ ತುಂಡನ್ನು ಕತ್ತರಿಸಿ, ಒಪ್ಪಿಗೆ ಇದೆ ಎಂದು ಒಂದು ಸಾಲು ಗೀಚಿದರೆ ಸಾಕಿತ್ತು. ಫಿನ್ಲೆಂಡಿನಿಂದ ಯಾರು ಬಂದು ವಿಚಾರಿಸುತ್ತಾರೆ? ಆದರೂ ಕೈ ಏಳಲಿಲ್ಲ. ತಾತನಿಗೆ ಹೇಳಿದಳು.

"ನಂದೇನವ್ವ, ಧಾರಾಳವಾಗಿ ತಗ" ಎಂದ ಹುಚ್ಚಣ್ಣ. "ನಿಮ್ಮಪ್ಪನ್ ಮಾತು ನಿಮ್ಮಪ್ಪನ್ನೇ ಕೇಳು. ಅವ್ನು ಬ್ಯಾಡ ಅಂದ್ರೆ ನಂದೂ ಬ್ಯಾಡ."

ಸಂಜೆ ಭೀಮರಾಜ್ ಕಾಫಿ ಲೋಟ ಹಿಡಿದು ಕೂತಿದ್ದಾಗ ಆಶಾ ಮುಂದೆ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಕದ್ದು ಕಳಿಸಿದ್ದನ್ನೂ ಹೇಳಿದಳು. ಬೈಗುಳಕ್ಕೆ ತಯಾರಾಗಿ ಕೂತಳು.

"ಒಪ್ಪಿಗೆ ಕೇಳಿದಾರಾ?" ಎಂದ ಅಪ್ಪ.

"ಹೂಂ."

"ನಮ್ಮಪ್ಪನ ಹೆಸ್ರನ್ನೂ?"

"ಹೆಸರಿಲ್ದೆ ತಗೊಳಲ್ವಂತೆ. ನೀವು ಬೇಡ ಅಂದ್ರೆ ವಾಪಸ್ ತಗೋತೀನಪ್ಪ. ಗುಂಪು ಹೋದ್ರೆ ಹೋಯ್ತು." ಹಾಗೆ ಹೇಳುವಾಗ ಅವಳಿಗೆ ಅಳು ಬಂದಿತ್ತು.

ಭೀಮರಾಜ್ ಲೋಟ ಕೆಳಗಿಟ್ಟ. "ತಮಟೆ ಕಾಯ್ಸೋಕೆ ಗರಿ ಹೊತ್ಕೊಂಡು ನಿಮ್ಮ ತಾತನ ಹಿಂದೆ ಹೋಗ್ತಿದ್ದೋನು ನಾನು. ಮದುವೆ ಇರ್ಲಿ, ಸಾವಿರ್ಲಿ, ಅಂಗಳದಾಚೆ ನಿಲ್ಬೇಕು. ಬಾರಿಸ್ತೀಯಾ ಅಂತ ಕೇಳ್ತಿರ್ಲಿಲ್ಲ ಕಣಮ್ಮ, ಬಾರ್ಸೋ ಲೇ ಅಂತಿದ್ರು. ಹೆಸರು ಹಿಡಿದು ಒಬ್ರಾದ್ರೂ ಕರೆದಿದ್ದು ನಾನು ಕೇಳಿಲ್ಲ." ಆಮೇಲೆ, "ಎಲ್ಲಿದೆ ಅದು? ನಾನೂ ಕೇಳ್ಬೇಕು" ಎಂದ.

ಭಾನುವಾರ ಸೆಂಟರಿಗೆ ಬಂದ. ಅವತ್ತೂ ಇಸ್ತ್ರಿ ಶರಟೇ. ಆಶಾ ಅವನ ಕಿವಿಗೆ ಹೆಡ್‌ಫೋನು ಹಾಕಿ ಹಾಡು ನುಡಿಸಿದಳು. ಗಿಟಕುಕಾಯಿ ಲೊಟಗುಟ್ಟಿತು, ಬಂಡಿಯ ಕೊಂಡಿ ಬಿತ್ತು, ಆಮೇಲೆ ಅಪ್ಪನ ಅಪ್ಪನ ತಮಟೆ. ಭೀಮರಾಜ್ ಪರದೆಯನ್ನು ನೋಡಲಿಲ್ಲ. ಅವನ ಬೆರಳುಗಳು ಮೇಜಿನ ಅಂಚಿನಲ್ಲಿ ತಾಳ ಹಿಡಿದಿದ್ದವು. ಅದು ಅವನಿಗೆ ಗೊತ್ತಿತ್ತೋ ಇಲ್ಲವೋ, ಮಗಳು ನೋಡಿದಳು. ನೋಡಿ ಅವಳಿಗೆ ಅಪ್ಪನ ಮೇಲೆ ತಡೆಯಲಾರದಷ್ಟು ಪ್ರೀತಿ ಉಕ್ಕಿತು.

"ಹೆಸರು ಎಲ್ಲಿ ಬರೀತೀಯ?"

ತುಣುಕುಗಳ ಪಕ್ಕದಲ್ಲಿ ಒಂದೊಂದು ಸಣ್ಣ ಸಾಲಿನ ಜಾಗವಿತ್ತು. ಟ್ರ್ಯಾಕರ್ ಮಂದಿ ತಮ್ಮ ನಮಸ್ಕಾರ, ಧನ್ಯವಾದ ಎಲ್ಲ ಬರೆಯುವುದು ಅಲ್ಲಿಯೇ. ಆಶಾ ಇಂಗ್ಲಿಷ್ ಅಕ್ಷರದಲ್ಲಿ ತಾತನ ಹೆಸರು ಹೊಡೆದಳು. ಕೆಳಗಿನ ಸಾಲಿಗೆ ಅಪ್ಪನ ಹೆಸರು.

"ನಾನು ಅಂದದ್ದನ್ನ ಹಾಕು."

ಅವಳು ಗುರುತನ್ನು ಅಳಿಸಿ ತುಣುಕಿನ ಕೊನೆಯನ್ನು ನುಡಿಸಿದಳು. ಯಾರ ಮನೆ ಬಾಗ್ಲಿಗೆ ಬಾರಿಸ್ತಿದೀಯಪ್ಪಾ? ಭೀಮರಾಜ್ ತನ್ನ ದನಿಯನ್ನು ತಾನೇ ಮತ್ತೊಮ್ಮೆ ಕೇಳಿಸಿಕೊಂಡ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

"ಕತ್ತರಿಸಲಾ?" ಎಂದಳು ಆಶಾ.

"ಬೇಡ, ಇರ್ಲಿ. ಅದರ ಕೆಳಗೆ ಇನ್ನೊಂದು ಸಾಲು ಬರಿ." ಕನ್ನಡಕ ತೆಗೆದು ಒರೆಸಿಕೊಂಡ. "ಯಾರ ಬಾಗ್ಲಿಗೂ ಅಲ್ಲ, ಅಂತ."

ಬುಧವಾರ ಗುಂಪಿನವರೆಲ್ಲ ಕೈ ಎತ್ತಿದರು. ಆಶಾ ಸೆಂಟರಿಗೆ ಬೀಗ ಹಾಕಿ ಮನೆಗೆ ಓಡಿದಳು. ಮುಂಬಾಗಿಲಲ್ಲಿ ಯಾರೂ ಇಲ್ಲ, ಗೋಡೆಯ ಮೊಳೆಯೂ ಖಾಲಿ. ಹಿತ್ತಲಿನಿಂದ ಗರಿ ಉರಿಯುವ ವಾಸನೆ ಬರುತ್ತಿತ್ತು.

"ಅಷ್ಟ್ ಹತ್ರ ಹಿಡೀಬ್ಯಾಡ ಕಣ್ಲಾ, ಸುಟ್ಟೋಯ್ತದೆ!" ಎಂದು ತಾತ ಕೂಗುತ್ತಿದ್ದ.

"ನಂಗೊತ್ತು ಸುಮ್ನಿರಪ್ಪ" ಎಂದ ಬನಿಯನ್ನಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಭೀಮರಾಜ್, ತಮಟೆಯನ್ನು ಉರಿಯ ಮುಂದೆ ತಿರುಗಿಸುತ್ತಾ. "ಆಗ್ಲೂ ಕಾಯಿಸ್ತಿದ್ದೋನು ನಾನೇ ಅಲ್ವಾ?"