ಬಸಲಿಂಗವ್ವನ ಬೆರಳೂ ನಾನೂ

ನಾನು ಒಂದು ಗ್ರೀನ್ ಕಾರ್ಡು, ಅಮೆರಿಕದಲ್ಲಿ ನೆಲೆಸಲು ಕೊಡುವ ಪರವಾನಗಿ. ಅಂಗೈಗಿಂತ ಚಿಕ್ಕವನು, ಜಂಬ ಮಾತ್ರ ಮೊಳದುದ್ದ, ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಯಾವುದೋ ಯಂತ್ರದ ಹೊಟ್ಟೆಯಿಂದ ಹೊಳೆಯುತ್ತಾ ಹೊರಬಿದ್ದೆ. ಮೈಮೇಲೆ ಒಬ್ಬ ಹೆಂಗಸಿನ ಫೋಟೊ: ಹಣೆ ತುಂಬ ವಿಭೂತಿ, ನಗಬೇಡಿ ಅಂದಿದ್ದಕ್ಕೆ ಬಿಗಿದ ತುಟಿ. ಪಕ್ಕದಲ್ಲಿ ನನ್ನ ಆಯುಷ್ಯ, ಹತ್ತು ವರ್ಷ. ಅದು ಮುಗಿದರೆ ನವೀಕರಣ ಮಾಡಿಸಬೇಕು.

ಲಕೋಟೆ ಒಡೆದವಳು ಮಗಳು ಸುವರ್ಣಾ, ಶಿಕಾಗೊದಲ್ಲಿ ನರ್ಸ್. ಕೈಚಾಚಿ ಇಸಿದುಕೊಂಡವಳು ಫೋಟೊದ ಒಡತಿ, ರೋಣದ ಬಸಲಿಂಗವ್ವ. ಕಣ್ಣಿಗೊತ್ತಿಕೊಂಡು ನೇರ ಎಲೆ-ಅಡಿಕೆಯ ಸಂಚಿಗೆ ತುರುಕಿದಳು. ಛೇ! ಸರ್ಕಾರದ ಮುದ್ರೆ ಹೊತ್ತ ನನಗೆ ಸುಣ್ಣದ ಡಬ್ಬಿಯ ಪಕ್ಕ ವಾಸವೇ? ಆ ಸಿಟ್ಟು ವಾರದಲ್ಲೇ ಇಳಿಯಿತು. ಸಂಚಿ ಸದಾ ಆಕೆಯ ಸೊಂಟದಲ್ಲಿ, ಆಕೆ ಸದಾ ಒಲೆಯ ಮುಂದೆ.

ಜೋಳದ ರೊಟ್ಟಿ! ಕುದಿನೀರಲ್ಲಿ ಹಿಟ್ಟು ಕಲಸಿ, ತಟಪಟ ತಟ್ಟಿ, ಕಾದ ಹೆಂಚಿನ ಮೇಲೆ ಬೆರಳ ತುದಿಯಲ್ಲೇ ತಿರುವಿ ಹಾಕುತ್ತಿದ್ದಳು. ಇಕ್ಕಳ ಕೊಟ್ಟರೆ "ಅದಕ್ಕೇನ್ ತಿಳಿತೈತಿ?" ಎಂದು ನಗುತ್ತಿದ್ದಳು. ರೋಣದ ಕಡೆಯವರು ಶಿಕಾಗೊದ ಯಾವ ಮೂಲೆಯಲ್ಲಿದ್ದರೂ ಶನಿವಾರ ಹಾಜರು. ಅವರು ಉಣ್ಣುವುದನ್ನು ನೋಡುವಾಗ ಆಕೆಯ ಗತ್ತೇ ಗತ್ತು.

ಹತ್ತನೆಯ ವರ್ಷ ಬಂತು. ಅದೇ ಹೊತ್ತಿಗೆ ರೋಣದಿಂದ ಅಕ್ಕ ಶಿವಲಿಂಗವ್ವನ ಫೋನು: "ಎಂಬತ್ತಾತು ನನಗ. ಒಮ್ಮೆ ಬಂದು ಮಾರಿ ತೋರ್ಸಿ ಹೋಗ ತಂಗಿ." ಹೋಗಬಹುದಿತ್ತು. ಆದರೆ ಹೊಸ ಕಾರ್ಡಿಲ್ಲದೆ ಹೋದರೆ ಮಗಳ ಮನೆಗೆ ಮರಳುವುದು ಕಷ್ಟ. ಸುವರ್ಣಾ ಅರ್ಜಿ ಹಾಕಿದಳು. ಬೆರಳಚ್ಚು ಕೊಡಲು ವಲಸೆ ಕಚೇರಿಯಿಂದ ಕರೆ ಬಂತು.

ಬಸಲಿಂಗವ್ವ ಅಲ್ಲಿನ ಯಂತ್ರದ ಗಾಜಿನ ಮೇಲೆ ಹತ್ತೂ ಬೆರಳು ಒತ್ತಿದಳು. ಏನೂ ಮೂಡಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಊಹೂಂ. ಗೆರೆಗಳು ಸವೆದಿವೆ, ಒಂದು ತಿಂಗಳು ಕೈಗೆ ವಿಶ್ರಾಂತಿ ಕೊಟ್ಟು ಬನ್ನಿ ಎಂದಳು ಅಲ್ಲಿನ ಅಧಿಕಾರಿ.

ಹೆಂಚು ಮೂಲೆ ಸೇರಿತು. ಸುವರ್ಣಾ ದಿನಾ ಅವ್ವನ ಬೆರಳಿಗೆ ಬೆಣ್ಣೆ ತಿಕ್ಕಿದಳು. ಬಸಲಿಂಗವ್ವ ಕೈಕಟ್ಟಿ ಕೂತಳು. ನೋಡಲು ನನಗೇ ಸಂಕಟ. ಇನ್ನೆರಡೇ ದಿನ ಉಳಿದಿತ್ತು. ಆಗ ಪಕ್ಕದ ಮನೆಯ ಭುವನಾ, ಏಳು ತಿಂಗಳ ಬಸುರಿ, ಬಾಗಿಲಲ್ಲಿ ನಿಂತು ನಾಚುತ್ತಾ ಅಂದಳು: "ಅಜ್ಜೀ, ಬಿಸಿ ರೊಟ್ಟಿ ತಿನ್ನಬೇಕು ಅನಸಾಕತ್ತೈತ್ರಿ."

ಬಸುರಿಯ ಬಯಕೆ! ಬಸಲಿಂಗವ್ವ ಒಮ್ಮೆ ತನ್ನ ಬೆರಳು ನೋಡಿಕೊಂಡಳು. "ಅಕ್ಕನ ಕಡೆ ಬೈಸ್ಕೊಂತೀನಿ. ಬಸರಿಗೆ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ," ಎಂದು ಒಲೆ ಹಚ್ಚಿದಳು. ಒಂದಲ್ಲ, ಹನ್ನೆರಡು ರೊಟ್ಟಿ ತಟ್ಟಿದಳು.

ಎರಡನೆಯ ಸಲವೂ ಗಾಜು ಖಾಲಿ.

"ರೊಟ್ಟಿ ಮಾಡ್ದಿ, ಹೌದಿಲ್ಲೊ?" ಸುವರ್ಣಾಳ ಕಣ್ಣು ತುಂಬಿತ್ತು.

"ಮಾಡ್ದೆ," ಎಂದಳು ಬಸಲಿಂಗವ್ವ, ತಲೆ ತಗ್ಗಿಸದೆ.

ಏನು ಕೆಲಸ ಮಾಡುತ್ತಾರೆ ಈಕೆ ಎಂದು ಅಧಿಕಾರಿ ಕೇಳಿದಳು. ಮಗಳು ಬಾಯಿ ತೆರೆಯುವ ಮೊದಲೇ ಬಸಲಿಂಗವ್ವ ಮೇಜಿನ ಮೇಲೆ ಬರಿಗೈಯಲ್ಲೇ ರೊಟ್ಟಿ ತಟ್ಟಿ ತೋರಿಸಿದಳು. ಅಧಿಕಾರಿ ನಕ್ಕಳು. ಎರಡು ಸಲ ಅಚ್ಚು ಮೂಡದಿದ್ದರೆ ಪೊಲೀಸರ ಪತ್ರ ತಂದರೂ ನಡೆಯುತ್ತದೆ ಎಂದಳು. ಅಯ್ಯೋ ಶಿವನೇ, ಪೊಲೀಸ್ ಠಾಣೆ! ಎಪ್ಪತ್ತು ವರ್ಷ ಅದರ ಮೆಟ್ಟಿಲು ತುಳಿಯದವಳು ತಲೆ ತುಂಬ ಸೆರಗು ಹೊದ್ದು ಹೋದಳು. ಈಕೆಯ ಮೇಲೆ ಯಾವ ದೂರೂ ಇಲ್ಲವೆಂದು ಬರೆದುಕೊಟ್ಟರು. "ಅಷ್ಟ ಹೇಳಾಕ ಕಾಗದ ಯಾಕ ಬೇಕಿತ್ತ?" ಎಂದಳು ನನ್ನೊಡತಿ.

ಹೊಸ ಕಾರ್ಡು ಬಂತು. ಚೆಲುವ, ಒಪ್ಪುತ್ತೇನೆ. ಬೆರಳಚ್ಚಿನ ಜಾಗ ಮಾತ್ರ ಬರಿದು. ಸುವರ್ಣಾ ಅದನ್ನೇ ನೋಡುತ್ತಾ ನಿಂತಳು.

"ಮಾರಿ ಯಾಕ ಸಣ್ಣ ಮಾಡ್ತಿ? ನನ್ನ ಬೆರಳಿನ ಗುರ್ತು ರೊಟ್ಟಿ ಉಂಡವರಿಗೆ ಗೊತ್ತೈತಿ," ಎಂದು ಬಸಲಿಂಗವ್ವ ಹೊಸಬನನ್ನು ಸಂಚಿಗೆ ಹಾಕಿಕೊಂಡು ರೋಣಕ್ಕೆ ಹೊರಟಳು. ಅಕ್ಕನನ್ನು ಎದುರು ಕೂರಿಸಿಕೊಂಡು ಬಿಸಿ ರೊಟ್ಟಿ ಬಡಿಸಿದಳಂತೆ.

ನಾನೀಗ ಸುವರ್ಣಾಳ ಮೇಜಿನ ಖಾನೆಯಲ್ಲಿದ್ದೇನೆ. ಅವಧಿ ಮುಗಿದವನು, ಯಾವ ಬಾಗಿಲನ್ನೂ ತೆರೆಸಲಾರೆ. ಆದರೂ ಜಂಬ ಇಳಿದಿಲ್ಲ ನೋಡಿ. ಹತ್ತು ವರ್ಷದ ಹಿಂದೆ ಆ ಬೆರಳಲ್ಲಿ ಇನ್ನೂ ಒಂದಿಷ್ಟು ಗೆರೆ ಉಳಿದಿತ್ತು; ಅದರ ಅಚ್ಚು ನನ್ನ ಎದೆಯ ಮೇಲಿದೆ. ಈಗ ಅದು ಆಕೆಯ ಕೈಯಲ್ಲೂ ಇಲ್ಲ.