ಅಂಗೈಯ ಭಾರ

ತಂಬಿಗೆಯ ನೀರನ್ನು ಅನ್ನವ್ವ ಗಂಡನ ಎಡಭುಜದ ಮೇಲೆ ಒಂದು ಸಲ, ಬಲಭುಜದ ಮೇಲೆ ಒಂದು ಸಲ ಸುರಿದಳು. ನಡುವೆ, ಕೊರಳ ಕುಳಿಯಿಂದ ಹೊಟ್ಟೆಯವರೆಗೆ ಇಳಿದಿದ್ದ ಹೊಲಿಗೆಯ ಗುರುತಿಗೆ ನೀರು ತಾಗದಂತೆ ಕೈ ಅಡ್ಡ ಹಿಡಿದಿದ್ದಳು. ಹೆಣವನ್ನು ಹಿಂದಿನಿಂದ ಆತು ಹಿಡಿದಿದ್ದ ಗೆಳೆಯ ಹೊಳಬಸಪ್ಪ ಅದನ್ನು ಗಮನಿಸಿದ.

"ಎದಿಗೂ ಹಾಕಬೇ ಅನ್ನಕ್ಕ. ಇನ್ನೇನ್ ಆಗೂದೈತಿ ಅದಕ್ಕ."

ಅವಳು ಕೈ ತೆಗೆದಳು. ನೀರು ಗುರುತಿನ ಗುಂಟ ನೆಟ್ಟಗೆ ಇಳಿಯಿತು.

ಚಿಕ್ಕೇರೂರಿನ ಹಿಟ್ಟಿನ ಗಿರಣಿಯ ಪರಮೇಶ್ವರಪ್ಪ ಹುಬ್ಬಳ್ಳಿಯಲ್ಲಿ ಹೃದಯದ ಕವಾಟ ಬದಲಿಸಿಕೊಂಡು ಮನೆಗೆ ಬಂದು ಎಪ್ಪತ್ತೊಂದು ದಿನವಾಗಿತ್ತು. ನಿನ್ನೆ ಸಂಜೆ ಅಂಗಳದಲ್ಲಿ ಅಡ್ಡಾಡುತ್ತಿದ್ದವನು ಕಟ್ಟೆಯ ಮೇಲೆ ಕುಳಿತ, ಒಂದು ಕಡೆಗೆ ವಾಲಿದ. ಹಿರೇಕೆರೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೈ ಒರೆಸಿ, ಹೊಸ ಧೋತರ ಉಡಿಸಿ, ಪಡಸಾಲೆಯ ಗೋಡೆಗೆ ಆನಿಸಿ ಗದ್ದುಗೆಯ ಮೇಲೆ ಕೂರಿಸಿದರು. ಗಿರಣಿ ಇಂದು ತೆರೆದಿಲ್ಲ ಎಂಬುದು ತಿಳಿಯದೆ ಪಕ್ಕದ ಓಣಿಯ ಚಾಂದಬಿ ಜೋಳದ ಚೀಲ ಹೊತ್ತು ಬಂದಿದ್ದಳು. ಬಾಗಿಲಲ್ಲಿ ನಿಂತು ನೋಡಿದಳು. ಚೀಲವನ್ನು ಗೋಡೆಯ ಬದಿಗಿಟ್ಟು ಹೆಂಗಸರ ನಡುವೆ ಕುಳಿತಳು.

ಗಿರಣಿಯ ಮೋಟಾರು ರಿಪೇರಿ ಮಾಡುತ್ತಿದ್ದ ಫಾರೂಕ ಕಂಬಕ್ಕೆ ಒರಗಿ ನಿಂತಿದ್ದ. "ಹ್ವಾದ ವಾರ ಕಾಕಾ ನನಗ ಚಾಷ್ಟಿ ಮಾಡಿದ್ರು. 'ಮಗನ, ನೀ ಕುಂಡ್ರಿಸಿದ ಬೇರಿಂಗ್ ಆರ್ ತಿಂಗಳಾ ತಡಿಯಂಗಿಲ್ಲ. ನನ್ನ ಎದ್ಯಾಗಿಂದಕ್ಕ ಇಪ್ಪತ್ತ ವರ್ಷ ಗ್ಯಾರಂಟಿ ಕೊಟ್ಟಾರ' ಅಂದ್ರು."

ಯಾರೋ ನಕ್ಕು ಬಾಯಿಗೆ ಸೆರಗು ಒತ್ತಿಕೊಂಡರು.

"ನನ್ನ ಮುಂದ ಬ್ಯಾರೇನ ಹೇಳಿದ," ಎಂದ ಹೊಳಬಸಪ್ಪ. "ಕೈಯಾಗ ಬಲ ಬಂದೈತಿ, ಪೂಜಿಗೆ ಲಿಂಗ ಹಿಡದ್ರ ಹಗರ ಅನಸ್ತೈತಿ, ಇನ್ನ ಹದಿನೈದ ದಿನಕ್ಕ ಚೀಲ ಎತ್ತತೇನಿ ನೋಡು ಅಂದ. ಭಾಳ ಖುಷಿ ಇದ್ದ."

ಅನ್ನವ್ವ ತಲೆ ತಗ್ಗಿಸಿದಳು. ಅಷ್ಟರಲ್ಲಿ ಮಠದ ಮೃತ್ಯುಂಜಯಯ್ಯನವರು ಪತ್ರಿಯ ಬುಟ್ಟಿ, ವಿಭೂತಿಯೊಡನೆ ಬಂದು ಗದ್ದುಗೆಯ ಮುಂದೆ ಕುಳಿತರು. ಹಣೆ, ತೋಳು, ಎದೆಗೆ ವಿಭೂತಿ ಹಚ್ಚಿದರು.

"ಅನ್ನವ್ವ, ಅವನ ಲಿಂಗ ತಾ. ಕೈಯಾಗ ಇಡೂಣು."

ಅವಳ ಕೊರಳಲ್ಲಿ ಬಿಳಿಯ ಅರಿವೆಯ ಗಂಟುಗಳು ಎರಡಿದ್ದವು. ಅವಳು ಎರಡನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಏಳಲಿಲ್ಲ.

*

ಆಪರೇಶನ್ನಿನ ದಿನ ನರ್ಸಮ್ಮ ಬಂದು, ಕೊರಳಲ್ಲಿರುವುದನ್ನೆಲ್ಲ ತೆಗೆಯಬೇಕೆಂದಾಗ ಪರಮೇಶ್ವರಪ್ಪ ಮಂಚದಿಂದ ಕಾಲು ಇಳಿಬಿಟ್ಟಿದ್ದ.

"ದೀಕ್ಷಾ ಆದಾಗಿಂದ ಇದು ನನ್ನ ಮೈ ಬಿಟ್ಟಿಲ್ಲ. ನಡಿ, ಊರಿಗೆ ಹೋಗೂಣು."

"ನನ್ನ ಕೊಳ್ಳಾಗ ಕಟಗೊಂತೇನ್ರಿ," ಎಂದಿದ್ದಳು ಅನ್ನವ್ವ. "ಮೈ ಬಿಟ್ಟಂಗ ಆಗಂಗಿಲ್ಲ."

"ನಿನ್ನ ಮೈ ನನ್ನ ಮೈ ಹೆಂಗ ಆಕ್ಕೈತಿ?"

"ನಾಕು ಹಡದೇನಿ, ಮೂರು ಮಣ್ಣಿಗೆ ಕೊಟ್ಟೇನಿ. ಇನ್ನೂ ಕೇಳ್ತೀರೇನ?"

ಅವನು ಕೊರಳು ಬಾಗಿಸಿದ್ದ.

ಮನೆಗೆ ಬಂದ ಮೇಲೂ ಎದೆಯ ಗಾಯಕ್ಕೆ ಲಿಂಗವಿಡುವ ಬೆಳ್ಳಿಯ ಕರಡಿಗೆ ತಾಗಬಾರದೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟರು. ಲಿಂಗ ಅರಿವೆಯಲ್ಲಿ ಸುತ್ತಿಕೊಂಡು ಅವಳಲ್ಲೇ ಉಳಿಯಿತು. ಕೆಮ್ಮು ಬಂದರೆ ಅವನು ದಿಂಬನ್ನು ಎದೆಗೆ ಅವಚಿಕೊಳ್ಳಬೇಕು. ಮಲಗಿದರೆ ಅಂಗಾತವೇ ಮಲಗಬೇಕು. ಸಂಜೆ ಆರಕ್ಕೆ ರಕ್ತ ತೆಳುವಾಗಿಸುವ ಗುಳಿಗೆ, ವಾರಕ್ಕೊಮ್ಮೆ ರಕ್ತದ ಪರೀಕ್ಷೆ, ಸೊಪ್ಪಿನ ಪಲ್ಲೆ ದಿನವೂ ಒಂದೇ ಅಳತೆ. ನಾಲ್ಕು ಮಣದ ಚೀಲವನ್ನು ಬೆನ್ನಿಗೇರಿಸುತ್ತಿದ್ದವನು ನೀರಿನ ಚರಿಗೆ ಎತ್ತಲೂ ಅವಳನ್ನು ಕರೆಯುತ್ತಿದ್ದ. ಪ್ರತಿದಿನ ಬೆಳಗ್ಗೆ ಅವಳು ಗಂಟು ಬಿಚ್ಚಿ ಲಿಂಗವನ್ನು ಅವನ ಎಡ ಅಂಗೈಯಲ್ಲಿಡುವಳು. ಪೂಜೆ ಮುಗಿದ ಮೇಲೆ ಮತ್ತೆ ಕಟ್ಟಿಕೊಳ್ಳುವಳು.

ಹನ್ನೊಂದು ದಿನದ ಹಿಂದೆ, ಸೋಮವಾರ, ಅವನದನ್ನೂ ತನ್ನದನ್ನೂ ತೊಳೆದು ಜಗಲಿಯ ಮುಂದಿನ ಪಂಜೆಯ ಮೇಲೆ ಇಟ್ಟಿದ್ದಳು. ಫೋನು ಬಂತು. ಹಿರೇಕೆರೂರಿನಿಂದ ಮಗಳು ನೀಲಾಂಬಿಕಾ. "ಅವ್ವ, ರಕ್ತದ ರಿಪೋರ್ಟ್ ಬಂತು. ಎರಡೂವರಿ ಐತಂತ. ಭಾಳ ಚಲೋ ಐತಂದ್ರು." ಅನ್ನವ್ವ ಅಂಗಳಕ್ಕೆ ಹೋಗಿ ಅದನ್ನು ಗಂಡನಿಗೆ ಹೇಳಿದಳು, ಅಡಿಗೆಮನೆಯಲ್ಲಿ ಉಕ್ಕುತ್ತಿದ್ದ ಹಾಲು ಇಳಿಸಿದಳು, ಆ ಕಡೆಯಿಂದಲೇ ಬಂದು ಜಗಲಿಯ ಮುಂದೆ ಕುಳಿತಳು. ಬಲಕ್ಕಿದ್ದದ್ದು ಅವನದು. ಆದರೆ ಮೊದಲು ತಾನು ಕುಳಿತದ್ದು ಪಂಜೆಯ ಈ ಬದಿಗೋ, ಆ ಬದಿಗೋ? ಆಗಿನ ಬಲವೋ, ಈಗಿನ ಬಲವೋ? ಎರಡಕ್ಕೂ ಅದೇ ಕಪ್ಪು ಕಂತಿಯ ಲೇಪ, ಅದೇ ಗಾತ್ರ. ದೇವರನ್ನು ನೆನೆದು ಒಂದನ್ನು ಅವನ ಅರಿವೆಯಲ್ಲಿ ಸುತ್ತಿದಳು.

ಮರುದಿನ ಅಂಗೈಯಲ್ಲಿ ಇಟ್ಟಕೂಡಲೇ ಅವನು ಹುಬ್ಬು ಏರಿಸಿದ.

"ಇವತ್ತ ಹಗರ ಐತಲ್ಲ?"

"ನಿಮ್ಮ ಕೈಯಾಗ ಬಲ ಬಂದೈತ್ರಿ." ಮಾತು ತಾನಾಗಿ ಬಾಯಿಂದ ಬಿದ್ದಿತು.

"ಹೌದನ?" ಎಂದ. ಪೂಜೆ ಮುಗಿದ ಮೇಲೆ ಮುಷ್ಟಿ ಬಿಗಿದು, ಬಿಚ್ಚಿ, ಮತ್ತೆ ಕೇಳಿದ, "ಹೌದನ?"

ಆ ಮುಖ ನೋಡಿ ಅವಳಿಗೆ ನಿಜ ಹೇಳಲಾಗಲಿಲ್ಲ. ಸದ್ದಿಲ್ಲದೆ ಬದಲಿಸಿಬಿಡಲೇ ಎಂದೂ ಅನ್ನಿಸಿತ್ತು. ನಿಜವಾಗಿಯೂ ಬಲವೇ ಬಂದಿದ್ದರೆ, ಆಗ ಬದಲಿಸುವುದೇ ತಪ್ಪಾಗುತ್ತಿತ್ತು. ಅಂದಿನಿಂದ ತನ್ನ ಪೂಜೆಯಲ್ಲಿ ಅವಳು ಅಂಗೈಯ ಭಾರದ ಕಡೆ ಮನಸ್ಸು ಕೊಡಲೇ ಇಲ್ಲ.

*

"ಅನ್ನವ್ವ, ಏಳ ತಂಗಿ," ಎಂದರು ಅಯ್ಯನವರು. "ಬಿಸಲ ಏರಾಕತ್ತೈತಿ."

ಅವಳು ಹತ್ತಿರ ಸರಿದು, ಮೆಲ್ಲಗೆ ಎಲ್ಲವನ್ನೂ ಹೇಳಿದಳು. ಅಯ್ಯನವರು ಕಣ್ಣು ಮುಚ್ಚಿ ಕೇಳಿದರು. ಪಕ್ಕದಲ್ಲಿದ್ದ ನೀಲಾಂಬಿಕಾಳಿಗೂ ಕೇಳಿಸಿತು.

"ಅಪ್ಪಗ ಒಂದ್ ಮಾತ ಹೇಳಬಾರದಿತ್ತೇನ ಬೇ?"

"ಹೇಳಿದ್ರ ಬಲ ಹೋಗ್ತಿತ್ತವ್ವ."

ಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಎರಡೂ ಹಿಡಿದು ನೋಡಿದೇನ?" ಎಂದರು ಅಯ್ಯನವರು.

"ಬೆಳಗಿಂದ ನೋಡಾಕತ್ತೇನ್ರಿ. ಕೈ ನಡಗತಾವು. ತಿಳೀವಲ್ದು."

"ಕಡೀ ಹತ್ತ ದಿನ ಅಂವ ಯಾವುದರ ಮ್ಯಾಲ ಕಣ್ಣಿಟ್ಟು ಪೂಜಿ ಮಾಡಿದ?"

ಅವಳು ಒಂದು ಗಂಟನ್ನು ಮುಟ್ಟಿ ತೋರಿಸಿದಳು.

"ಅದನ್ನ ಕೊಡು."

"ಅದು ನಂದಿದ್ರ, ಅವರು ತಮ್ಮದಿಲ್ಲದ ಹೋಗ್ತಾರ್ರೀ ಅಯ್ಯಾರ. ಗುರು ಕೊಟ್ಟಿದ್ದು ಅವರಿಗೆ ಸಿಗದಂಗ ಮಾಡಿದೆ ನಾನು."

ಅಯ್ಯನವರಿಗೆ ಎಪ್ಪತ್ತು ದಾಟಿತ್ತು. ಪರಮೇಶ್ವರಪ್ಪನಿಗೆ ದೀಕ್ಷೆ ಕೊಟ್ಟವರು ಅವರ ತಂದೆ. ಅವರು ವಿಭೂತಿ ಹತ್ತಿದ ಬಲಗೈಯನ್ನು ಅವಳ ಮುಂದೆ ಚಾಚಿದರು.

"ನಾನೂ ಕಂಡು ಹೇಳಲಾರೆ ತಂಗಿ. ಅಂವ ನಂಬಿ ಹಿಡಿದದ್ದು ಅದು. ಅದನ್ನ ಕಸಗೊಂಡು ಇನ್ನೊಂದ್ ಇಡಾಕ ನನ್ನ ಕೈ ಬರೂದಿಲ್ಲ."

ಅನ್ನವ್ವ ಕೊರಳ ಹಿಂದಕ್ಕೆ ಕೈ ಒಯ್ದಳು. ಗಂಟು ಬಿಗಿದಿತ್ತು. ನೀಲಾಂಬಿಕಾ ಬಾಗಿ ಹಲ್ಲಿನಿಂದ ಕಚ್ಚಿ ಸಡಿಲಿಸಿದಳು. ಅಯ್ಯನವರು ಹೆಣದ ಸೆಟೆದ ಬೆರಳುಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ಬಿಡಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು, ಮೇಲೆ ಪತ್ರಿ ಏರಿಸಿದರು. ಬೆರಳುಗಳು ಸುತ್ತ ಮುಚ್ಚಿಕೊಂಡವು.

ಮಧ್ಯಾಹ್ನ ಒಂದಕ್ಕೆ ಎತ್ತಿದರು. ಭಜನೆಯ ತಾಳ ಊರ ಹೊರಗಿನ ಹೊಲದತ್ತ ಸಾಗಿ ಸಣ್ಣದಾಗುವವರೆಗೆ ಅನ್ನವ್ವ ಹೊಸ್ತಿಲಲ್ಲಿ ನಿಂತಿದ್ದಳು. ಚಾಂದಬಿ ತನ್ನ ಚೀಲವನ್ನು ಮತ್ತೆ ತಲೆಗೇರಿಸಿಕೊಂಡು, "ಬರ್ತೇನವ್ವಾ," ಎಂದು ಹೋದಳು.

ಒಳಗೆ ಬಂದು ಅನ್ನವ್ವ ಕೈಕಾಲು ತೊಳೆದಳು. ಬೆಳಗಿನ ಪೂಜೆ ಇನ್ನೂ ಆಗಿರಲಿಲ್ಲ. ಜಗಲಿಯ ಮುಂದೆ ಕುಳಿತು, ಉಳಿದ ಗಂಟನ್ನು ಬಿಚ್ಚಿ, ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡಳು. ಈಗ ಕೈ ನಡುಗುತ್ತಿರಲಿಲ್ಲ. ಎದೆಯ ಮಟ್ಟಕ್ಕೆ ಎತ್ತಿದ ಕೈ ಭಾರಕ್ಕೆ ತುಸು ಕೆಳಗಿಳಿಯಿತು. ಅವಳು ಬಲಗೈಯನ್ನು ಅಡಿಗೆ ಕೊಟ್ಟು, ಎರಡೂ ಕೈಗಳಿಂದ ಅದನ್ನು ಮೊದಲಿನ ಎತ್ತರಕ್ಕೆ ತಂದು ಹಿಡಿದಳು.